ಕೇಳಿ ತೆಗೆದದ್ದು

ನಮ್ಮ ಬೂಟಿನ ಅಂಗಡಿಯಲ್ಲಿ ಒಬ್ಬರ ಮೇಜಿನ ಮೇಲಿನ ಸಾಮಾನನ್ನು ಇನ್ನೊಬ್ಬರು ತೆಗೆದುಕೊಳ್ಳಬೇಕಾದರೆ ಮೊದಲು ಆ ಮೇಜನ್ನು ಎರಡು ಸಲ ತಟ್ಟಬೇಕಿತ್ತು. ಟಕ್ ಟಕ್. ಮೇಜಿನವರು ತಲೆಯೆತ್ತದೆಯೇ "ಹೂಂ" ಅನ್ನಬೇಕು. ಆಮೇಲೆ ಸುತ್ತಿಗೆಯೋ ಕತ್ತರಿಯೋ ನಿಮ್ಮದು. "ಹೂಂ" ಬರದಿದ್ದರೆ ಬಾಯಿ ಮುಚ್ಚಿಕೊಂಡು ಹೋಗಿ ನಿಮ್ಮ ಜಾಗದಲ್ಲಿ ಕೂರಬೇಕು. ಆ ಅಂಗಡಿ ಬಿಟ್ಟು ಎಷ್ಟೋ ವರ್ಷವಾಯಿತು. ಈಗಲೂ ಗಂಡನ ಪಕ್ಕದಿಂದ ಪೇಪರು ತೆಗೆಯುವಾಗ ನನ್ನ ಕೈ ತಾನಾಗಿಯೇ ಟಕ್ ಟಕ್ ಅನ್ನುತ್ತದೆ. "ಬಾಗಿಲು ತೆಗೆದೇ ಇದೆ, ಒಳಗೆ ಬಾರೇ" ಎಂದು ಅವರು ನಗುತ್ತಾರೆ. ನಗಲಿ ಪಾಪ. ಹಾಗೆ ತಟ್ಟದೆ ಹೋದ ಒಂದು ದಿನ ಎಷ್ಟು ದುಬಾರಿಯಾಯಿತು ಎಂದು ಅವರಿಗೇನು ಗೊತ್ತು. ತಪ್ಪು ಮಾಡಿದವಳು ನಾನು, ಬೆಲೆ ತೆತ್ತವಳು ನನ್ನ ಚಿಕ್ಕಮ್ಮ. ಅವಳ ಕಥೆಯನ್ನು ಹೇಳಬೇಕೆಂದೇ ಕೂತಿದ್ದೇನೆ.

ಚಿಕ್ಕಮ್ಮ ನನ್ನ ಅಮ್ಮನ ಕೊನೆಯ ತಂಗಿ. ಹುಟ್ಟಿದಾಗಿನಿಂದ ಅವಳ ಬಲಗಾಲು ಎಡಗಾಲಿಗಿಂತ ಎರಡು ಬೆರಳಿನಷ್ಟು ಗಿಡ್ಡ, ಪಾದ ಒಳಕ್ಕೆ ತಿರುಗಿತ್ತು. ಹದಿನೆಂಟು ತುಂಬುವವರೆಗೂ ಗೋಡೆಯನ್ನೋ ಅಪ್ಪನ ತೋಳನ್ನೋ ಹಿಡಿದೇ ನಡೆದವಳು. ಯಾರೋ ಹೇಳಿದರೆಂದು ತಾತ ಅವಳನ್ನು ಆ ಅಂಗಡಿಗೆ ಕರೆದುಕೊಂಡು ಬಂದರು. ಪೇಟೆಯ ಬೂಟು ಯಾರ ಕಾಲಿಗೆ ಹಿಡಿಸುವುದಿಲ್ಲವೋ ಅವರಿಗೆ ಬೂಟು ಮಾಡಿಕೊಡುವ ಅಂಗಡಿ ಅದು. ಒಂದು ಕಾಲು ಗಿಡ್ಡವಾದವರು, ಬೆರಳು ಕಳೆದುಕೊಂಡವರು, ಸಕ್ಕರೆ ಕಾಯಿಲೆಯಿಂದ ಪಾದ ಕೆಟ್ಟವರು ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಒಳಗಿನ ಕೋಣೆಯಲ್ಲಿ ಕೂತು ಮರದಲ್ಲಿ ಅಚ್ಚು ಕೆತ್ತುವವರನ್ನು ನಾವೆಲ್ಲ ಅಚ್ಚಿನಜ್ಜ ಅನ್ನುತ್ತಿದ್ದೆವು. ಚಿಕ್ಕಮ್ಮ ಬಂದಾಗ ಅವರಿನ್ನೂ ಅಜ್ಜ ಆಗಿರಲಿಲ್ಲ, ಮೀಸೆ ಕಪ್ಪಗಿತ್ತಂತೆ. ಅಚ್ಚು ಅಂದರೆ ಮರದಲ್ಲಿ ಕೆತ್ತಿದ ನಿಮ್ಮದೇ ಪಾದ. ಅದರ ಮೇಲೆ ಚರ್ಮ ಎಳೆದು ಬೂಟು ಕಟ್ಟುವುದು. ಚಿಕ್ಕಮ್ಮನ ಅಚ್ಚಿನ ನಂಬರು ಹದಿನೇಳು.

ಬೂಟು ಸಿದ್ಧವಾದ ದಿನ ಅವಳು ಬಾಗಿಲಿನಿಂದ ಕಿಟಕಿಯವರೆಗೆ, ಕಿಟಕಿಯಿಂದ ಬಾಗಿಲಿನವರೆಗೆ ಯಾರ ಕೈಯನ್ನೂ ಹಿಡಿಯದೆ ನಡೆದಳು. ತಾತ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡರು. ಇವಳು ಮಾತ್ರ ಸೀದಾ ಯಜಮಾನರ ಮುಂದೆ ನಿಂತು, "ನಾಳೆಯಿಂದ ನಾನಿಲ್ಲಿಗೇ ಬರ್ತೀನಿ. ಏನಾದ್ರೂ ಕೆಲಸ ಕೊಡಿ" ಅಂದಳಂತೆ. ಯಜಮಾನರು ತಮಾಷೆ ಅಂದುಕೊಂಡರು. ಮರುದಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು. ಅಚ್ಚುಗಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟರು. ಮುತ್ತು ಪೋಣಿಸಿದಂತಹ ಅಕ್ಷರ ಅವಳದು. ವರ್ಷ ಕಳೆಯುವುದರೊಳಗೆ ಅಂಗಡಿಯ ದಪ್ಪ ಪುಸ್ತಕವೂ ಅವಳ ಕೈಗೆ ಬಂತು. ಮೂವತ್ತೈದು ವರ್ಷ ಅದು ಅವಳ ಕೈಬಿಡಲಿಲ್ಲ.

ಆ ಪುಸ್ತಕದ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಏನು, ಎಲ್ಲಿದೆ, ಯಾರ ವಶ, ತೆಗೆದವರು ಯಾರು ಎಂದು ಅದರಲ್ಲಿ ನಾಲ್ಕು ಕಲಮುಗಳು. ಕೊನೆಯ ಕಲಮಿನಲ್ಲಿ ಹೆಸರಿನ ಪಕ್ಕಕ್ಕೆ ಇನ್ನೊಂದು ಮಾತಿರುತ್ತಿತ್ತು: 'ಕೇಳಿ' ಅಥವಾ 'ಕೇಳದೆ'. ಕೇಳಿ ತೆಗೆದ ಸಾಮಾನು ಕೈಯಲ್ಲಿ ಮುರಿದರೆ ತಪ್ಪು ಕೊಟ್ಟವರದು. ಅವರೇ ನೋಡಿ ಕೊಡಬೇಕಿತ್ತು. ಕೇಳದೆ ತೆಗೆದು ಮುರಿದರೆ ತೆಗೆದವರದು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಎಲ್ಲರ ಎದುರು ನಿಂತು ತಾನೇ ಹೇಳಬೇಕು. ಯಜಮಾನರ ಅಪ್ಪನ ಕಾಲದಿಂದ ಬಂದ ಪದ್ಧತಿ. ಒಮ್ಮೆ ಯಜಮಾನರೇ ಕೇಳದೆ ಚಿಕ್ಕಮ್ಮನ ಕತ್ತರಿ ತೆಗೆದು ಮೊನೆ ಮುರಿದರು. ಚಿಕ್ಕಮ್ಮ ಕೆಂಪು ಶಾಯಿಯಲ್ಲಿ 'ಯಜಮಾನರು, ಕೇಳದೆ' ಎಂದು ಬರೆದು ಅವರ ಮುಂದೆಯೇ ಶಾಯಿ ಒಣಗಿಸಿದಳು. ಆ ಪುಸ್ತಕದಲ್ಲಿ ಸುಳ್ಳು ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ನಾನು ಮೇಲಿನ ಚರ್ಮ ಹೊಲಿಯುವ ಮೆಷಿನ್ನಿಗೆ ಸೇರಿದಾಗ ನನಗೆ ಇಪ್ಪತ್ತೊಂಬತ್ತು. ಚಿಕ್ಕಮ್ಮನ ಶಿಫಾರಸಿನಿಂದಲೇ ಬಂದದ್ದು. ಕೋಪ ಮೂಗಿನ ತುದಿಯಲ್ಲಿ, ಕೈಕಾಲಿಗೆ ಪುರುಸೊತ್ತಿಲ್ಲ. ವಾರದೊಳಗೆ ಅಚ್ಚಿನಜ್ಜ ನನಗೆ 'ಗಡಿಬಿಡಿ' ಎಂದು ಹೆಸರಿಟ್ಟರು. "ಅವಸರಕ್ಕೆ ಹುಟ್ಟಿದವಳು ಕಣೇ ನೀನು, ಒಂಬತ್ತು ತಿಂಗಳಾದ್ರೂ ಹೊಟ್ಟೇಲಿದ್ಯೋ ಇಲ್ವೋ?" ಅನ್ನುತ್ತಿದ್ದರು. ಏಳು ತಿಂಗಳಿಗೇ ಹುಟ್ಟಿದ್ದು ನಿಜ. ಅದನ್ನು ನಾನು ಅವರಿಗೆ ಹೇಳಲೇ ಇಲ್ಲ.

ನನಗೆ ನಲವತ್ತರ ಹತ್ತಿರ ಬಂದಾಗ ಅಂಗಡಿಯ ಕಟ್ಟಡ ಬಿಡಬೇಕಾಯಿತು. ಹೊಸ ಜಾಗ ಇದರ ಅರ್ಧ. ಅಚ್ಚುಗಳೇ ಒಂದು ಇಡೀ ಕೋಣೆ ತುಂಬಿದ್ದವು, ನೆಲದಿಂದ ಸೂರಿನವರೆಗೆ, ನಾನೂರ ಹನ್ನೆರಡು ಜೋಡಿ. ಯಜಮಾನರು ಒಂದು ದಾರಿ ಹುಡುಕಿದರು. ಪ್ರತಿ ಅಚ್ಚನ್ನೂ ಸ್ಕ್ಯಾನರ್ ಕೆಳಗೆ ತಿರುಗಿಸಿ ಕಂಪ್ಯೂಟರಿನಲ್ಲಿ ಇಡುವುದು. ಬೇಕಾದಾಗ ಅದನ್ನು ನೋಡಿಕೊಂಡು ಯಂತ್ರದಲ್ಲಿ ಹೊಸ ಅಚ್ಚು ಕಡೆಸುವುದು. ಸ್ಕ್ಯಾನ್ ಆದ ಮರವನ್ನು ಇಟ್ಟಿಗೆ ಗೂಡಿನವರಿಗೆ ಸೌದೆಗೆ ಕೊಟ್ಟುಬಿಡುವುದು.

ಅಚ್ಚಿನಜ್ಜ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಟೀಚರಮ್ಮನ ಎಡಗಾಲಿನ ಅಚ್ಚು ತಂದು ಚಿಕ್ಕಮ್ಮನ ಮೇಜಿನ ಮೇಲಿಟ್ಟರು. ಟೀಚರಮ್ಮ ನಮ್ಮ ಹಳೆಯ ಗಿರಾಕಿ, ಅಪಘಾತದಲ್ಲಿ ಅರ್ಧ ಪಾದ ಹೋದವರು. ಆ ಅಚ್ಚಿನ ಮೈತುಂಬ ತೇಪೆ. ಒಂದು ಕಡೆ ಅರದಲ್ಲಿ ಉಜ್ಜಿದ್ದು, ಇನ್ನೊಂದು ಕಡೆ ಚರ್ಮದ ಚೂರು ಅಂಟಿಸಿದ್ದು.

"ಹನ್ನೊಂದು ಸಲ ತಿದ್ದಿದೀನಿ" ಅಂದರು. "ಒಂದೊಂದು ಸಲಾನೂ ಆಯಮ್ಮನ ಕಾಲಲ್ಲಿ ಹುಣ್ಣಾಗಿ, ಅದು ಮಾಯಿ, ಆಮೇಲೆ ತಿದ್ದಿದ್ದು. ಈಗ ಹೋಗಿ ಮತ್ತೆ ಅಳತೆ ತಗೊಂಡ್ರೆ ಕಾಲು ಸಿಗುತ್ತೆ, ಈ ಹನ್ನೊಂದು ಹುಣ್ಣು ಸಿಗಲ್ಲ. ಇದೆಲ್ಲಾ ಆ ಡಬ್ಬದಲ್ಲಿ ಕೂರುತ್ತಾ?"

"ಕೂರುತ್ತೆ ಅಜ್ಜ. ಒಂದು ಗೀರೂ ಬಿಡದೆ ಕೂರುತ್ತೆ. ನಾನು ಮಾತು ಕೊಡ್ತೀನಿ" ಅಂದಳು ಚಿಕ್ಕಮ್ಮ.

"ನೀನು ಹೇಳ್ತೀಯಾ ಅಂತ ನಂಬ್ತೀನಿ, ಡಬ್ಬ ಹೇಳುತ್ತೆ ಅಂತಲ್ಲ" ಎಂದು ಅಜ್ಜ ಒಳಗೆ ಹೋದರು.

ಕಂಪ್ಯೂಟರ್ ಕೂರಿಸಲು ಬಂದವನು ಬಡಕಲು ಮನುಷ್ಯ, ಮಾತಿಗಿಂತ ಕೆಮ್ಮು ಜಾಸ್ತಿ. ಅದಕ್ಕೆ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿಕೊಟ್ಟು ಮೂರು ದಿನ ಚಿಕ್ಕಮ್ಮನಿಗೆ ಪಾಠ ಹೇಳಿದ. ಐವತ್ತಮೂರನೆಯ ವಯಸ್ಸಿಗೆ ಅವಳು ಮೌಸ್ ಹಿಡಿದದ್ದು. ನಾವೆಲ್ಲ ನಗಲು ಕಾದಿದ್ದೆವು. ಆದರೆ ಆ ಯಂತ್ರದೊಳಗಿನ ಕಾನೂನು ಅವಳಿಗೆ ಮೊದಲೇ ಗೊತ್ತಿದ್ದಂತಿತ್ತು. ಪ್ರತಿ ಫೋಲ್ಡರಿಗೂ ಒಬ್ಬ ಒಡೆಯ, ಯಾರು ನೋಡಬಹುದು, ಯಾರು ಇಡಬಹುದು, ಯಾರು ಮುಟ್ಟಕೂಡದು. "ಅಯ್ಯೋ, ಇದು ನಮ್ಮ ಅಂಗಡೀನೇ ಅಲ್ವೇನ್ರೀ!" ಎಂದು ಅವಳು ಖುಷಿಪಟ್ಟಳು. ನಮಗೆಲ್ಲ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್ ಮಾಡಿಸಿದಳು, ಅವರವರ ಮೇಜು ಅವರವರಿಗೆ ಎಂದು.

ಒಂದೇ ಒಂದು ಅವಳಿಗೆ ಬಗೆಹರಿಯಲಿಲ್ಲ. ಎರಡನೆಯ ದಿನ ಮುಖ ಗಂಟಿಕ್ಕಿಕೊಂಡು ಅವನನ್ನು ಕೇಳಿದಳು. "ಯಾರ್ರೀ ಈ ರೂಟು? ಎಲ್ಲಿ ನೋಡಿದ್ರೂ ಅವರ ಹೆಸರೇ ಇದೆ. ಅವರ ಸಾಮಾನು ನಮ್ಮಲ್ಲಿ ಯಾಕ್ರೀ ಇಷ್ಟೊಂದಿದೆ? ಬಂದು ತಗೊಂಡು ಹೋಗೋಕೆ ಹೇಳಿ."

ಅವನಿಗೆ ನಗುವೂ ಕೆಮ್ಮೂ ಒಟ್ಟಿಗೆ ಬಂತು. "ಅಮ್ಮಾ, ರೂಟ್ ಅಂದ್ರೆ ಮನುಷ್ಯ ಅಲ್ಲ. ಈ ಯಂತ್ರದ ಯಜಮಾನ ಅಂದ್ಕೊಳ್ಳಿ. ಅವನ ಪಾಸ್‌ವರ್ಡ್ ಇದ್ರೆ ಏನು ಬೇಕಾದ್ರೂ ಮಾಡ್ಬಹುದು."

"ಏನು ಬೇಕಾದ್ರೂ ಅಂದ್ರೆ?"

"ಯಾರನ್ನೂ ಕೇಳ್ಬೇಕಾಗಿಲ್ಲ."

"ಹಾಗಾದ್ರೆ ಅದು ನಮಗೆ ಬೇಡ" ಎಂದು ಚಿಕ್ಕಮ್ಮ ಆ ಪಾಸ್‌ವರ್ಡ್ ಬರೆದ ಚೀಟಿಯನ್ನು ಲಕೋಟೆಗೆ ಹಾಕಿ, ಗೋಂದು ಹಚ್ಚಿ ಮುಚ್ಚಿ, ಎರಡನೆಯ ಡ್ರಾಯರಿನಲ್ಲಿಟ್ಟಳು. ಅಂದಿನಿಂದ ನಮ್ಮಲ್ಲಿ ರೂಟಿಗೆ ರೂಟಪ್ಪನವರು ಎಂದೇ ಹೆಸರು.

ಹೋಗುವಾಗ ಅವನು ಚಿಕ್ಕಮ್ಮನಿಗೆ ಇನ್ನೊಂದು ಮಾತು ಹೇಳಿದ್ದ. ಸ್ಕ್ಯಾನಿಂಗ್ ಪ್ರೋಗ್ರಾಮನ್ನು ಮೊದಲ ಸಲ ಯಾರು ತೆರೆಯುತ್ತಾರೋ ಅವರ ಹೆಸರಿನಲ್ಲಿ ಅದು ತನ್ನ ಕಪಾಟು, ಅಂದರೆ ಸ್ಕ್ಯಾನ್ ಆದದ್ದನ್ನೆಲ್ಲ ಇಡುವ ಫೋಲ್ಡರ್, ಮಾಡಿಕೊಳ್ಳುತ್ತದೆ, ಆದ್ದರಿಂದ ಮೊದಲು ನೀವೇ ತೆರೆಯಿರಿ ಎಂದು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸುಮ್ಮನಿರುತ್ತಿದ್ದೆನೇ? ನನ್ನ ಸ್ವಭಾವಕ್ಕೆ ಆ ಭರವಸೆಯನ್ನೂ ಕೊಡಲಾರೆ.

ಮರುದಿನ ಬುಧವಾರ. ಚಿಕ್ಕಮ್ಮ ಕನ್ನಡಕ ಬದಲಾಯಿಸಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಹೊಸ ಯಂತ್ರ ಮೇಜಿನ ಮೇಲೆ ಮಿಣಮಿಣ ಅನ್ನುತ್ತಿತ್ತು. ನನಗೆ ಒಂದು ಪಾದ ಪರದೆಯ ಮೇಲೆ ತಿರುಗುವುದನ್ನು ನೋಡಬೇಕಿತ್ತು, ಆಗಲೇ, ಆ ಕ್ಷಣವೇ. ನನ್ನ ಹೆಸರಿನಲ್ಲಿ ತೆರೆಯಲು ಹೋದರೆ ನಿನಗೆ ಅನುಮತಿಯಿಲ್ಲ ಎಂದಿತು. ಯಂತ್ರದಿಂದ ಹಾಗೆ ಅನ್ನಿಸಿಕೊಂಡರೆ ನನ್ನಂಥವಳಿಗೆ ಮೈ ಉರಿಯದೆ ಇರುತ್ತದೆಯೇ? ಎರಡನೆಯ ಡ್ರಾಯರ್ ಎಳೆದೆ. ಮೇಜು ತಟ್ಟಲಿಲ್ಲ, "ಹೂಂ" ಅನ್ನಲು ಯಾರೂ ಇರಲಿಲ್ಲವಲ್ಲ. ಲಕೋಟೆ ಬಿಚ್ಚಿ ರೂಟಪ್ಪನವರ ಪಾಸ್‌ವರ್ಡ್ ಕುಟ್ಟಿದೆ. ಪ್ರೋಗ್ರಾಮ್ ಗಪ್‌ಚಿಪ್ ತೆರೆದುಕೊಂಡಿತು. ಮೇಜಿನ ಮೇಲಿದ್ದ ಟೀಚರಮ್ಮನ ಅಚ್ಚನ್ನು ಸ್ಕ್ಯಾನರ್ ಕೆಳಗಿಟ್ಟೆ. ಆ ಎಡಗಾಲು ಪರದೆಯ ಮೇಲೆ ಮೆಲ್ಲಗೆ ತಿರುಗಿತು, ತೇಪೆ ಸಮೇತ. ಕಣ್ತುಂಬ ನೋಡಿ, ಏನನ್ನೂ ಉಳಿಸದೆ ಮುಚ್ಚಿದೆ. ಲಕೋಟೆಯನ್ನು ಕೈಗೆ ಸಿಕ್ಕ ಬೂಟಿನ ಅಂಟಿನಿಂದ ಮುಚ್ಚಿ ಇದ್ದ ಜಾಗದಲ್ಲೇ ಇಟ್ಟೆ. ಯಾರಿಗೇನು ನಷ್ಟ ಅಂದುಕೊಂಡೆ.

ಗುರುವಾರದಿಂದ ಚಿಕ್ಕಮ್ಮ ಕೆಲಸ ಶುರುಮಾಡಿದಳು. ದಿನಕ್ಕೆ ಏಳೆಂಟು ಜೋಡಿ. ಒಂದೊಂದನ್ನೂ ಬಟ್ಟೆಯಿಂದ ಒರೆಸಿ, ಸ್ಕ್ಯಾನರಿನ ಕೆಳಗೆ ಕೂರಿಸಿ, ಸುತ್ತ ತಿರುಗಿಸಿ, ಪರದೆಯ ಪಟ್ಟಿಯಲ್ಲಿ ಅದರ ನಂಬರು ಬಂದದ್ದನ್ನು ನೋಡಿಯೇ ಪುಸ್ತಕದಲ್ಲಿ ಬರೆಯುತ್ತಿದ್ದಳು. ಬರೆದ ಮೇಲೆ ಅಚ್ಚು ಚೀಲಕ್ಕೆ. ಸ್ಕ್ಯಾನರನ್ನು ಒಮ್ಮೆ ಆರಿಸಿದರೆ ಮತ್ತೆ ಸರಿಹೊಂದಿಸಲು ಅರ್ಧ ದಿನ ಬೇಕಾದ್ದರಿಂದ ಎರಡು ತಿಂಗಳು ಯಂತ್ರವನ್ನು ಆರಿಸಲೇ ಇಲ್ಲ; ಕರೆಂಟು ಆಗಾಗ ಹೋದರೂ ಕಾಲು ಗಂಟೆ ತಡೆಯುವ ಬ್ಯಾಟರಿಯಿತ್ತು. ಶನಿವಾರಕ್ಕೊಮ್ಮೆ ಇಟ್ಟಿಗೆ ಗೂಡಿನ ಗಾಡಿ ಬಂದು ಚೀಲಗಳನ್ನು ಒಯ್ಯುತ್ತಿತ್ತು. ಆ ಹೊತ್ತಿಗೆ ಅಜ್ಜ ಹಿತ್ತಲ ಕಡೆ ಹೋಗಿ ಉಳಿ ಮಸೆಯುತ್ತಿದ್ದರು. ಹದಿನೇಳನೆಯ ಅಚ್ಚನ್ನು ಚೀಲಕ್ಕೆ ಹಾಕುವಾಗ ಚಿಕ್ಕಮ್ಮ ಅದನ್ನು ಒಮ್ಮೆ ಮಡಿಲಲ್ಲಿಟ್ಟುಕೊಂಡಳು. "ಹೋಗಿ ಬಾ ಕಣೇ" ಅಂದಳು. ನಾನು ಕೇಳಿಸದವಳಂತೆ ಹೊಲಿಯುತ್ತಿದ್ದೆ.

ಕಪಾಟಿನ ಚಿತ್ರದ ಮೇಲೆ ಒಂದು ಪುಟ್ಟ ಬೀಗವಿತ್ತು. ಒಡೆಯರ ಜಾಗದಲ್ಲಿ ರೂಟ್ ಎಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಒಮ್ಮೆ ಅದನ್ನು ಒತ್ತಿ ಒಳಗೇನಿದೆ ಎಂದು ನೋಡಿಬಿಡುತ್ತಿದ್ದರು. ಆದರೆ ನಮ್ಮ ಅಂಗಡಿಯವಳು ಅಲ್ಲವೇ ಚಿಕ್ಕಮ್ಮ? ಕೂರಿಸಿದವನೇ ಭದ್ರತೆಗೆಂದು ಯಜಮಾನನ ಹೆಸರಿಗೆ ಮಾಡಿಟ್ಟಿದ್ದಾನೆ ಅಂದುಕೊಂಡಳು. "ನೋಡೇ, ಬೀಗ ಹಾಕಿಟ್ಟಿದಾರೆ, ಒಳ್ಳೇದೇ ಆಯ್ತು. ಪಟ್ಟೀಲಿ ಎಲ್ಲಾ ಕಾಣ್ತಿದೆ. ಇನ್ನೊಬ್ಬರ ಕಪಾಟು ನಾನ್ಯಾಕೆ ಇಣುಕಲಿ" ಎಂದು ನನಗೇ ತೋರಿಸಿದಳು. ಬೀಗ ಕಂಡು ಅವಳಿಗೆ ಸಮಾಧಾನ, ಸೌದೆ ಗಾಡಿ ಹೊರಡುವಾಗಲೆಲ್ಲ ಅದನ್ನು ನೋಡಿಯೇ ಧೈರ್ಯ ತಂದುಕೊಳ್ಳುತ್ತಿದ್ದಳು.

ಅಂಗಡಿ ಖಾಲಿ ಮಾಡುವ ದಿನ ಬಂತು. ಹನ್ನೆರಡು ಗಂಟೆಗೆ ಕರೆಂಟಿನವನು ಮೇನ್ ತೆಗೆಯುತ್ತಾನೆಂದು ಗೊತ್ತಾಗಿತ್ತು. ಅಚ್ಚಿನ ಕೋಣೆ ಬರಿದಾಗಿ, ಮಾತಾಡಿದರೆ ಮಾತೇ ತಿರುಗಿ ಬರುತ್ತಿತ್ತು. ಹನ್ನೊಂದೂವರೆಗೆ ಚಿಕ್ಕಮ್ಮ ಹೊಸ ಡಿಸ್ಕ್ ತಂದು ಕಂಪ್ಯೂಟರಿಗೆ ಚುಚ್ಚಿದಳು, ಆರಿಸುವ ಮೊದಲು ಎಲ್ಲದರ ಇನ್ನೊಂದು ಪ್ರತಿ ಇರಲಿ ಎಂದು. ಅದಕ್ಕೆ ಕಪಾಟು ತೆರೆಯಲೇಬೇಕು. ಅವಳು ಯಜಮಾನರ ಮೇಜನ್ನು ಎರಡು ಸಲ ತಟ್ಟಿದಳು.

"ರೂಟಪ್ಪನವರ ಕಪಾಟು ತೆಗೀಬೇಕಿತ್ತು."

"ಹೂಂ" ಅಂದರು ಯಜಮಾನರು, ನಗುತ್ತಾ.

ಬೀಗದ ಚಿತ್ರದ ಮೇಲೆ ಒತ್ತಿದಳು. ಕಪಾಟು ಯಾರನ್ನೂ ಏನನ್ನೂ ಕೇಳದೆ ತೆರೆದುಕೊಂಡಿತು. ಒಳಗೆ ಏನೂ ಇರಲಿಲ್ಲ.

ನಾನು ಅವಳ ಹಿಂದೆಯೇ ನಿಂತಿದ್ದೆ. ಅವಳು ಮುಚ್ಚಿ, ಮತ್ತೆ ತೆರೆದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಮತ್ತೆ ನೋಡಿದಳು. ಒಂದು ಬೆರಳೂ ಇರಲಿಲ್ಲ, ಒಂದು ಹಿಮ್ಮಡಿಯೂ ಇರಲಿಲ್ಲ. ಪ್ರೋಗ್ರಾಮಿನ ಪಟ್ಟಿಯಲ್ಲಿ ಮಾತ್ರ ನಾನೂರ ಹನ್ನೆರಡು ನಂಬರುಗಳೂ ಸಾಲಾಗಿ ಕೂತಿದ್ದವು. ಒಳಬಾಗಿಲಿನಲ್ಲಿ ಅಚ್ಚಿನಜ್ಜ ಉಳಿಗಳ ಗಂಟು ಹಿಡಿದು ನಿಂತಿದ್ದರು. ಚಿಕ್ಕಮ್ಮನ ಬೆನ್ನು ನೋಡಿದ್ದೇ ಗಂಟನ್ನು ನೆಲಕ್ಕಿಟ್ಟರು.

ಅವಳು ಫೋನ್ ಹಚ್ಚಿದಳು. ಕೂರಿಸಿದವನ ಕೆಮ್ಮು ಮೊದಲು ಕೇಳಿತು, ಆಮೇಲೆ ಮಾತು. ಫೋನ್ ಜೋರಾಗಿದ್ದರಿಂದ ಎಲ್ಲರಿಗೂ ಕೇಳುತ್ತಿತ್ತು.

"ಅಮ್ಮಾ, ಬೀಗದ ಚಿತ್ರ ಇದ್ರೆ ಒಳಗೆ ನೋಡ್ಬಹುದು, ಏನೂ ಇಡೋ ಹಾಗಿಲ್ಲ ಅಂತ. ಆ ಪ್ರೋಗ್ರಾಮಿಗೆ ತನ್ನ ಕಪಾಟಲ್ಲಿ ಇಡೋಕೆ ಅನುಮತಿ ಸಿಗದಿದ್ರೆ ಬಾಯಿಬಿಟ್ಟು ಹೇಳಲ್ಲ. ಟೆಂಪ್ ಅಂತ ಒಂದು ಜಾಗ ಇದೆ, ಅಲ್ಲಿ ಎಸೆದು ಸುಮ್ಮನಾಗುತ್ತೆ. ಅಲ್ಲಿ ನೋಡಿ."

ಅವನು ಹೇಳಿದಲ್ಲಿ ನೋಡಿದಳು. ಎಲ್ಲವೂ ಇದ್ದವು, ಒಂದೂ ತಪ್ಪದೆ. ಚಿಕ್ಕಮ್ಮ ಉಸಿರು ಬಿಟ್ಟಳು.

"ಯಂತ್ರ ಆರಿಸಿದ್ರಾ?" ಎಂದು ಅವನು ಕೇಳಿದ.

"ಎರಡು ತಿಂಗಳಿಂದ ಇಲ್ಲ."

"ಪುಣ್ಯ. ಆರಿಸಬೇಡಿ! ಟೆಂಪ್ ಅಂದ್ರೆ ದಾರಿ ಬದಿ ಇದ್ದ ಹಾಗೆ, ಯಂತ್ರ ಆರಿದ್ರೆ ಎಲ್ಲಾ ಗುಡಿಸಿಹೋಗುತ್ತೆ, ಆಮೇಲೆ ಬ್ರಹ್ಮ ಬಂದ್ರೂ ಸಿಗಲ್ಲ. ಮೊದಲು ಡಿಸ್ಕಿಗೆ ಹಾಕಿ. ಮುಕ್ಕಾಲು ಗಂಟೆ ಆಗ್ಬಹುದು. ಡಿಸ್ಕ್ ಹೊಸದಾದ್ರೆ ರೂಟ್ ಪಾಸ್‌ವರ್ಡ್ ಕೇಳುತ್ತೆ, ಕೊಡಿ." ಕೆಮ್ಮಿದ. "ಅದಿರ್ಲಿ, ಯಾರೋ ಮೊದಲ ಸಲ ರೂಟ್ ಆಗಿ ತೆರೆದಿದಾರೆ. ಅದಕ್ಕೇ ಕಪಾಟು ಅವನ ಹೆಸರಿಗೆ ಆಗಿದೆ. ಯಾರು ತೆರೆದಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ನಿಜವಾಗಿಯೂ ನನ್ನ ಹೆಗಲಿಗೆ ಹೋಯಿತು. ಚಿಕ್ಕಮ್ಮ ಫೋನನ್ನು ಮೇಜಿನ ಮೇಲಿಟ್ಟಳು. ಎರಡನೆಯ ಡ್ರಾಯರ್ ಎಳೆದು ಲಕೋಟೆ ತೆಗೆದಳು. ಮುಚ್ಚಿದ ಕಡೆ ಹೆಬ್ಬೆರಳಿನಿಂದ ಸವರಿದಳು. ಗೋಂದು ಒಣಗಿದರೆ ಕಾಗದದಂತೆಯೇ ಇರುತ್ತದೆ, ಬೂಟಿನ ಅಂಟು ರಬ್ಬರಿನಂತೆ ಹಳದಿಗಟ್ಟುತ್ತದೆ. ಮೂವತ್ತೈದು ವರ್ಷ ಎರಡನ್ನೂ ಕೈಯಲ್ಲಿ ಹಿಡಿದವಳು. ಲಕೋಟೆಯನ್ನು ಮೂಗಿನ ಹತ್ತಿರ ತಂದು, ನನ್ನ ಕಡೆ ಒಮ್ಮೆ ನೋಡಿ, ಇನ್ನೊಂದು ತುದಿಯಿಂದ ಹರಿದಳು.

ಗಂಟೆ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಡಿಸ್ಕಿಗೆ ಹೋಗುತ್ತಿದ್ದ ಲೆಕ್ಕ ಪರದೆಯ ಮೇಲೆ ಆಮೆಯಂತೆ ತೆವಳುತ್ತಿತ್ತು. ಅಷ್ಟರಲ್ಲಿ ಹೊರಗಿನ ಓಣಿಯಲ್ಲಿ ಸ್ಟೂಲ್ ಎಳೆದ ಸದ್ದಾಯಿತು. ಕರೆಂಟಿನವನು ಮುಂಚೆಯೇ ಬಂದಿದ್ದ.

ನಾನು ಓಡಿದೆ. ಅವನು ಮೀಟರಿನ ಮುಂದೆ ಸ್ಟೂಲ್ ಹತ್ತಿದ್ದ. ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್ ಎಲ್ಲ ಕೆಳಗೆ ಚೀಲದಲ್ಲಿದ್ದವು.

"ಅಣ್ಣಾ, ಒಂದು ಗಂಟೆ ನಿಲ್ಲಿ."

"ಆಗಲ್ಲಮ್ಮ, ನನಗೆ ಇನ್ನೂ ಮೂರು ಕಡೆ ಕೆಲಸ ಇದೆ. ಆ ಸ್ಕ್ರೂ ಡ್ರೈವರ್ ಕೊಡಿ ಇಲ್ಲಿ."

ನಾನು ಸ್ಕ್ರೂ ಡ್ರೈವರನ್ನಲ್ಲ, ಇಡೀ ಚೀಲವನ್ನೇ ಎತ್ತಿಕೊಂಡೆ. ಓಣಿಯ ನೆಲದ ಮೇಲೆ ಇಟ್ಟು ಅದರ ಮೇಲೆ ಕೂತೆ. ಪ್ಲೇಯರಿನ ಹಿಡಿ ತೊಡೆಗೆ ಒತ್ತುತ್ತಿತ್ತು.

"ಏಯ್, ಏನಮ್ಮಾ ಇದು! ಕೇಳ್ದೆ ಇನ್ನೊಬ್ಬರ ಟೂಲ್ಸ್ ಮುಟ್ಟೋದಾ? ಮಾನ ಮರ್ಯಾದೆ ಬೇಡ್ವಾ?"

"ಬೇಡ" ಅಂದೆ. "ನನಗೆ ಅದಿಲ್ಲ, ಎರಡು ತಿಂಗಳ ಹಿಂದೇನೇ ಹೋಯ್ತು. ನೀವು ಬೈರಿ, ಎಷ್ಟು ಬೇಕಾದ್ರೂ ಬೈರಿ. ನಾನು ಏಳಲ್ಲ."

ಅವನು ಬೈದ. ಚೆನ್ನಾಗಿಯೇ ಬೈದ. ನಾನು ಅಳುತ್ತಾ ಅಲ್ಲೇ ಕೂತಿದ್ದೆ. ನನ್ನ ಅಳು ನೋಡಿ ಅವನಿಗೇ ಕಸಿವಿಸಿಯಾಗಿ, ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತ. ಐವತ್ತು ನಿಮಿಷಕ್ಕೆ ಒಳಗಿನಿಂದ ಅಚ್ಚಿನಜ್ಜ ಬಂದರು. "ಎದ್ದೇಳು ಗಡಿಬಿಡಿ" ಅಂದರು. "ನನ್ನ ಕಾಲುಗಳೆಲ್ಲಾ ಬಂದ್ವು. ನಿನ್ನ ಚಿಕ್ಕಮ್ಮ ನಾಲ್ಕಾರು ತೆಗೆದು ತೋರಿಸಿದ್ಳು. ಟೀಚರಮ್ಮನ ತೇಪೆ ಕೂಡ ಇದೆ."

ಒಳಗೆ ಯಜಮಾನರು ಚಿಕ್ಕಮ್ಮನ ಎದುರು ನಿಂತಿದ್ದರು. ಅವರ ಮುಖ ಇನ್ನೂ ಬಿಳಿಚಿಕೊಂಡಿತ್ತು.

"ಯಾರ ಕೈಯಿಂದ ಆಯ್ತಮ್ಮ ಇದು?"

"ನನ್ನ ಕೈಯಿಂದ" ಅಂದಳು ಚಿಕ್ಕಮ್ಮ.

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅದಕ್ಕೆ ಯಾವ ಸಬೂಬೂ ಇಲ್ಲ. ಓಣಿಯಲ್ಲಿ ಅಷ್ಟೆಲ್ಲ ಶೌರ್ಯ ತೋರಿಸಿದವಳಿಗೆ ನಾಲ್ಕು ಹೆಜ್ಜೆ ಒಳಗೆ ಬರುವಷ್ಟರಲ್ಲಿ ನಾಲಿಗೆ ಅಂಟಿಹೋಯಿತು.

ಹೊಸ ಜಾಗಕ್ಕೆ ಹೋದ ವಾರ ಯಜಮಾನರು ಚಿಕ್ಕಮ್ಮನನ್ನು ಕರೆದರು. ಮೆತ್ತಗೆಯೇ ಹೇಳಿದರು, ವಯಸ್ಸಾಯ್ತು, ಕಣ್ಣೂ ಸರಿ ಇಲ್ಲ, ಕಂಪ್ಯೂಟರ್ ಕೆಲಸ ಇನ್ನು ಚಿಕ್ಕವರು ನೋಡಿಕೊಳ್ಳಲಿ, ಗಡಿಬಿಡಿ ಚುರುಕಿದ್ದಾಳೆ ಎಂದು. ಚಿಕ್ಕಮ್ಮ ಯಂತ್ರದ ಮೇಲೆ ಹೊದೆಸುತ್ತಿದ್ದ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ನನಗೆ ಕೊಟ್ಟಳು. "ಧೂಳು ಹೊಡೀಬೇಕು ದಿನಾ" ಅಂದಳು. ಮತ್ತೆ ಚೀಟಿ ಬರೆಯುವ ಮೇಜಿಗೆ ಹೋಗಿ ಕೂತಳು, ಹದಿನೆಂಟರಲ್ಲಿ ಕೂತಿದ್ದಂತೆಯೇ. ದಪ್ಪ ಪುಸ್ತಕವೊಂದೇ ಅವಳ ಹತ್ತಿರ ಉಳಿಯಿತು. ಎರಡು ವರ್ಷ ನಾನು ಅವಳ ಜಾಗದಲ್ಲಿ ಕೂತು ಅವಳ ಪಕ್ಕದಲ್ಲೇ ಬುತ್ತಿ ಬಿಚ್ಚಿ ಉಂಡೆ. ಹೇಳಬೇಕು, ನಾಳೆ ಹೇಳಬೇಕು ಅನ್ನುತ್ತಲೇ ಎರಡು ವರ್ಷ ಕಳೆದೆ. ಅವಸರಕ್ಕೇ ಹುಟ್ಟಿದವಳು ನಾನು!

ಕಾಲಿನ ನೋವು ಜಾಸ್ತಿಯಾಗಿ ಚಿಕ್ಕಮ್ಮ ಕೆಲಸ ಬಿಟ್ಟಳು. ಪುಸ್ತಕ ನನ್ನ ಮೇಜಿಗೆ ಬಂತು. ಒಂದು ಮಧ್ಯಾಹ್ನ ಯಾವುದೋ ಹಳೆಯ ಅರ ಯಾರ ವಶದಲ್ಲಿತ್ತು ಎಂದು ಹುಡುಕುತ್ತಾ ಹಿಂದಿನ ಪುಟಗಳನ್ನು ತಿರುವಿದೆ. ಆ ಬುಧವಾರದ ಪುಟ ಸಿಕ್ಕಿತು. ಎರಡು ಸಾಲುಗಳ ನಡುವೆ ಇನ್ನೊಂದು ಸಾಲನ್ನು ತುರುಕಿ ಬರೆದಿತ್ತು. ಶಾಯಿ ಬೇರೆ. ಮುತ್ತಿನಂಥ ಅಕ್ಷರ ಅಲ್ಲಿ ಮಾತ್ರ ಸ್ವಲ್ಪ ನಡುಗಿತ್ತು.

ಏನು: ಲಕೋಟೆ. ಎಲ್ಲಿದೆ: ಎರಡನೆಯ ಡ್ರಾಯರ್. ಯಾರ ವಶ: ನನ್ನ ವಶ. ತೆಗೆದವರು: ಗಡಿಬಿಡಿ, ಕೇಳಿ.

ಕೇಳಿ! ನಾನು ಕೇಳಿದ್ದೆನೇ? ಕೇಳಿ ತೆಗೆದರೆ ತಪ್ಪು ಕೊಟ್ಟವರದು. ಯಜಮಾನರ ತಪ್ಪನ್ನೂ ಕೆಂಪು ಶಾಯಿಯಲ್ಲಿ ಬರೆಯದೆ ಬಿಡದವಳು ನನಗಾಗಿ ಆ ಪುಸ್ತಕದಲ್ಲಿ ಒಂದು ಸುಳ್ಳು ಬರೆದಿದ್ದಳು. ಮೆಷಿನ್ನು, ಗಿರಾಕಿ, ಎಲ್ಲವನ್ನೂ ಹಾಗೇ ಬಿಟ್ಟು ಹೊರಟೆ. ದಾರಿಯುದ್ದಕ್ಕೂ ಅಳು.

ಚಿಕ್ಕಮ್ಮ ಕಿಟಕಿಯ ಪಕ್ಕದ ಮೇಜಿನಲ್ಲಿ ತನ್ನ ಬಲಗಾಲಿನ ಬೂಟಿಗೆ ಪಾಲಿಶ್ ಹಚ್ಚುತ್ತಾ ಕೂತಿದ್ದಳು. ನಾನು ಹೋಗಿ ಆ ಮೇಜನ್ನು ಎರಡು ಸಲ ತಟ್ಟಿದೆ.

"ಹೂಂ?" ಅಂದಳು, ತಲೆಯೆತ್ತದೆ.

"ಲಕೋಟೆ ಬೇಕಾಗಿತ್ತು ಚಿಕ್ಕಮ್ಮ."

ಬ್ರಷ್ ನಿಂತಿತು. "ಯಾವ ಲಕೋಟೆನೇ?"

"ನೀನು ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆಯಲ್ಲ, ಆ ಬುಧವಾರದ್ದು. ತಗೋಬಹುದಾ?"

ಅವಳು ಬ್ರಷ್ ಕೆಳಗಿಟ್ಟಳು. "ತಗೋ" ಅಂದಳು. "ತಿರುಗಿ ಮುಚ್ಚುವಾಗ ಗೋಂದು ಹಚ್ಚು. ಬೂಟಿನ ಅಂಟಾದ್ರೆ ನೆಗಡಿ ಬಂದೋರಿಗೂ ವಾಸನೆ ಹೊಡಿಯುತ್ತೆ."

ನಾನು ಅವಳ ಮಡಿಲಲ್ಲಿ ಮುಖವಿಟ್ಟು ಅತ್ತೆ. ಪಾಲಿಶ್ ನನ್ನ ಕೆನ್ನೆಗೆಲ್ಲ ಮೆತ್ತಿತು. "ಯಾಕೆ ಹಾಗೆ ಬರೆದೆ? ಆ ಪುಸ್ತಕದಲ್ಲಿ ಒಂದೂ ಸುಳ್ಳಿರ್ಲಿಲ್ಲ."

"ಈಗಲೂ ಇಲ್ಲ" ಅಂದಳು ಚಿಕ್ಕಮ್ಮ, ಸೆರಗಿನಿಂದ ನನ್ನ ಕೆನ್ನೆ ಒರೆಸುತ್ತಾ. "ಇವತ್ತಲ್ಲ ನಾಳೆ ಬಂದು ಕೇಳ್ತೀಯ ಅಂತ ಗೊತ್ತಿತ್ತು. ಮೊದಲೇ ಬರೆದಿಟ್ಟೆ, ಅಷ್ಟೆ. ಗಡಿಬಿಡಿ ಅಂತ ಹೆಸರಿಟ್ಕೊಂಡು ಎರಡು ವರ್ಷ ತಗೊಂಡ್ಯಲ್ಲೇ!"

ಈಗ ಅವಳಿಲ್ಲ, ಅಚ್ಚಿನಜ್ಜನೂ ಇಲ್ಲ. ಅಂದು ಅವಳು ಕೊಟ್ಟ ಚಹಾ ಕುಡಿದು, ಮುಖ ತೊಳೆದು, ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಕೆಲಸ ಶುರುವಾಗುವ ಮೊದಲು ಯಜಮಾನರ ಮೇಜಿನ ಮುಂದೆ, ಕೇಳದೆ ತೆಗೆದವರು ನಿಲ್ಲುವ ಹಾಗೆ ಎಲ್ಲರ ಎದುರು ನಿಂತು ಎರಡು ಸಲ ತಟ್ಟಿದೆ.